ಐದಕ್ಕೆ ಐದು

"ಮನೇಲಿ ಒಂದೇ ಬಂದೂಕು ಇರ್ಬೇಕು. ಯಾವುದು ಅಂತ ಸಂಜೆಯೊಳಗೆ ಹೇಳ್ಬಿಡಿ," ಎಂದು ನೋಲೀನ್ ಗಂಡನ ಮುಂದೆ ಚಹಾ ಕುಕ್ಕಿದಳು.

ಡುಗಲ್ಡನ ಗೋಳು ಶುರುವಾದದ್ದು ಅಲ್ಲಿಂದ. ಅಪ್ಪನ ಬಂದೂಕಿನಲ್ಲೇ ಒಟಾಗೋ ಬೆಟ್ಟಗಳಲ್ಲಿ ಇಪ್ಪತ್ತು ವರ್ಷ ಜಿಂಕೆ ಹೊಡೆದವನು, ಕಳೆದ ವಾರ ಆರೂವರೆ ಮಿಲಿಮೀಟರಿನ ಹೊಸ ತೋಟಾ ಹಾರಿಸುವ, ಮೇಲೆ ದುರ್ಬೀನು ಕೂರಿಸಿದ ಬಂದೂಕು ತಂದಿದ್ದ. ಎರಡು ತೋಟಾಗಳನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಹಳೆಯದರ ಗುಂಡು ಉಂಡು ಕೂತ ಮಾವನ ಹಾಗೆ ದಪ್ಪ. ಹೊಸದರದು ದಬ್ಬಳದ ಹಾಗೆ ನೀಳ. ಅದನ್ನು ನೋಡುತ್ತ ಕೂತರೆ ಡುಗಲ್ಡನಿಗೆ ಊಟವೇ ಮರೆತುಹೋಗುತ್ತಿತ್ತು.

ಪಕ್ಕದ ಮನೆಯ ಕ್ಲಾರಿ ಬೇಲಿಯಾಚೆಯಿಂದಲೇ ತಲೆಹಾಕಿದ. "ಆ ದಬ್ಬಳದಲ್ಲಿ ಜಿಂಕೆಗೇನು ಇಂಜೆಕ್ಷನ್ ಕೊಡ್ತೀಯೇನೋ?"

"ಗಾಳಿಗೆ ಇದು ಅಷ್ಟಾಗಿ ಜಗ್ಗಲ್ಲ ಕಣೋ. ಒಂಬೈನೂರು ಗಜ ಹೋಗೋದ್ರೊಳಗೆ ಹಳೇದು ಇದಕ್ಕಿಂತ ಒಂದಾಳು ಕೆಳಗೆ ಇಳಿದಿರುತ್ತೆ!"

"ಹಾಗಾದ್ರೆ ನಡಿ ಶೂಟಿಂಗ್ ಕ್ಲಬ್ಬಿಗೆ. ಐದಕ್ಕೆ ಐದು ಹೊಡಿ. ಹೊಡೆದ್ಮೇಲೆ ಹಳೇದು ನಿನಗ್ಯಾಕೆ? ನಂಗೆ ಕೊಟ್ಬಿಡು."

ಶನಿವಾರವಾದ್ದರಿಂದ ಕ್ಲಬ್ಬಿನಲ್ಲಿ ಜನವೋ ಜನ. ಒಬ್ಬ ಗಾಳಿ ಎಡಕ್ಕೆ ಅಂದ, ಇನ್ನೊಬ್ಬ ಬಲಕ್ಕೆ ಅಂದ, ಮೂರನೆಯವನು ಉಸಿರು ಬಿಡಬೇಡ ಅಂದ. ಒಂದೊಂದು ಚಾಪೆಗೂ ಒಂಬೈನೂರು ಗಜದಾಚೆ ಅದೇ ನಂಬರಿನ ಗುರಿಹಲಗೆ. ಡುಗಲ್ಡ್ ನಾಲ್ಕನೇ ಚಾಪೆಯ ಮೇಲೆ ಬೋರಲು ಮಲಗಿದ. ಐದನೆಯದರ ಮೇಲೆ ಎಂಬತ್ತು ದಾಟಿದ ಇಸೋಬೆಲಮ್ಮ ತನ್ನ ಹಳೆಯ ಬಂದೂಕು ಹಿಡಿದು ಮಲಗಿದ್ದಳು.

ಮೊದಲು ಹಳೆಯ ತೋಟಾ. ಮೂರು ಗುಂಡು ಕಪ್ಪು ವೃತ್ತಕ್ಕೆ, ಎರಡು ಗಾಳಿಯ ಪಾಲಿಗೆ.

ಆಮೇಲೆ ಹೊಸದು. ಗುಂಡು ಹಾರಿತು, ತುಸು ಹೊತ್ತಿಗೆ ಪಕ್ಕದ ಚಾಪೆಯದೂ. ದೂರದ ಗುಂಡಿಯಲ್ಲಿ ಅಡಗಿದ್ದವರು ನಾಲ್ಕನೇ ಹಲಗೆಯನ್ನು ಇಳಿಸಿ, ಗುಂಡು ಬಿದ್ದ ಜಾಗಕ್ಕೆ ಬಿಳಿ ಬಿಲ್ಲೆ ಸಿಕ್ಕಿಸಿ ಏರಿಸಿದರು. ನಟ್ಟನಡುವೆ! ಎರಡನೆಯದೂ ಅಲ್ಲೇ. ಮೂರನೆಯದಕ್ಕೆ ಗಾಳಿಯ ಪಂಡಿತರೆಲ್ಲ ಬಾಯಿ ಮುಚ್ಚಿದರು. ಐದನೆಯದು ಬಿದ್ದಾಗ ಕಾರ್ಯದರ್ಶಿ ಟೋಪಿ ತೆಗೆದ. ಐದು ತೂತುಗಳನ್ನೂ ಒಂದು ಅಂಗೈಯಲ್ಲಿ ಮುಚ್ಚಬಹುದಿತ್ತು. ಡುಗಲ್ಡ್ ತನ್ನ ಕೈಗಳನ್ನೇ ಯಾರದೋ ಕೈ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಮುಂದಿನ ಶನಿವಾರ ಊರಿಗೆಲ್ಲ ಹೇಳಿ ಕಳಿಸ್ತೀನಿ. ನೀವು ಹೀಗೇ ಹೊಡೆದು ತೋರಿಸ್ಬೇಕು," ಎಂದ ಕಾರ್ಯದರ್ಶಿ.

"ಅದಕ್ಕೇನಂತೆ!" ಎಂದ ಡುಗಲ್ಡ್. ಅದೇ ಗುಂಗಿನಲ್ಲಿ ಅಪ್ಪನ ಬಂದೂಕನ್ನು ಕ್ಲಾರಿಗೆ ದಾಟಿಸಿದ. ಕ್ಲಾರಿ ಅದನ್ನು ತನ್ನ ಹೆಸರಿಗೆ ಬರೆಸಿಕೊಂಡು ತಿರುಗಿ ನೋಡದೆ ಗಾಡಿ ಬಿಟ್ಟ.

ಜನ ಕರಗಿದ ಮೇಲೆ ಇಸೋಬೆಲಮ್ಮ ಹತ್ತಿರ ಬಂದಳು.

"ಡುಗಲ್ಡ್, ಹೊಸ ದುರ್ಬೀನಿನಲ್ಲಿ ಯಾವ ನಂಬರ್ ನೋಡಿ ಹೊಡೆದೆಯಪ್ಪಾ?"

"ನಾಲ್ಕು... ಅಲ್ವಾ?"

"ಐದು. ನನ್ನ ಹಲಗೆ. ಒಂದು ಮೂಲೆಗೆ ಒಂದರ ಹಾಗೆ ನಾಲ್ಕು ತೂತು ಮಾಡಿದೀಯ. ಐದನೇದು ಎಲ್ಲಿ ಹೋಯ್ತೋ, ದೇವರೇ ಬಲ್ಲ."

"ಮತ್ತೆ... ನನ್ನ ಹಲಗೆ ಮೇಲಿದ್ದಿದ್ದು?"

"ಪಾಪ, ಅಷ್ಟು ಜನದ ಮುಂದೆ ಖಾಲಿ ಇರಬಾರದು ಅಂತ ನಾನೇ ಹೊಡೆದೆ. ಅದೇ ಹಳೇ ತೋಟಾ."

ಡುಗಲ್ಡ್ ಒಂಬೈನೂರು ಗಜದಾಚೆ ಬೆಂಕಿಕಡ್ಡಿಯ ತಲೆಯಷ್ಟು ಕಾಣುತ್ತಿದ್ದ ಹಲಗೆಯನ್ನು ನೋಡಿದ. ಆಕೆಯ ದಪ್ಪ ಗಾಜಿನ ಕನ್ನಡಕವನ್ನು ನೋಡಿದ. ಕೈ ತಾನಾಗಿಯೇ ಮುಗಿಯಿತು.

"ಅಮ್ಮಾ, ಮುಂದಿನ ಶನಿವಾರವೂ ಪಕ್ಕದ ಚಾಪೆ ಮೇಲೇ ಇರ್ತೀರಲ್ವಾ?"

"ಇಲ್ಲಪ್ಪಾ," ಎಂದಳು ಇಸೋಬೆಲಮ್ಮ, ಬಂದೂಕನ್ನು ಚೀಲಕ್ಕಿಳಿಸುತ್ತ. "ಅವತ್ತು ಕಣ್ಣಿನ ಆಪರೇಷನ್ನು."