ಜೇನಿನ ಪಾಠ ಮನೆ ಮುಟ್ಟಿದ ಮೇಲೆ

ಸಣ್ಣ ಮಕ್ಕಳಿಗೆ ಪಾಠ ಹೇಳುವವರಿಗೆ ಒಂದು ತೊಂದರೆ ತಪ್ಪಿದ್ದಲ್ಲ. ನಾವು ಹೇಳಿದ್ದನ್ನು ಅವರು ನಂಬಿಬಿಡುತ್ತಾರೆ. ನಂಬಿ ಸುಮ್ಮನಿದ್ದರೆ ಅಡ್ಡಿಯಿರಲಿಲ್ಲ, ಮನೆಗೆ ಹೋಗಿ ಹೇಳುತ್ತಾರೆ. ಕುಂದಗೋಳ ತಾಲೂಕಿನಲ್ಲಿ, ಗುಡಗೇರಿ ಸಂತೆಗೆ ನಡೆದು ಹೋಗುವಷ್ಟು ದೂರದ ಒಂದು ಊರಿನ ಶಾಲೆಯಲ್ಲಿ ನಾನು ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಅಕ್ಕೋರು. ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಹಾಗೇ ಕರೆಯುವುದು. ವರ್ಷಾ ವರ್ಷಾ ಹೊಲದಲ್ಲಿ ಕುಸುಬಿ ಹೂ ಬಿಟ್ಟಾಗ ಜೇನುಹುಳದ ಪಾಠ ಮಾಡುತ್ತೇನೆ. ವರ್ಷಾ ವರ್ಷಾ ಊರಿನಲ್ಲಿ ಏನಾದರೊಂದು ಆಗುತ್ತದೆ.

ದೇವರ ಪಾಲು

“ಜೇನುಹುಳ ಹೂವಿನ ರಸ ಹೀರಿ, ಹೊಟ್ಟೆಯೊಳಗಿನ ಒಂದು ಸಣ್ಣ ಚೀಲದಾಗ ತುಂಬಿಕೊಂಡು ಗೂಡಿಗೆ ಬರತೈತಿ. ಅಲ್ಲಿ ಇನ್ನೊಂದು ಹುಳದ ಬಾಯಿಗೆ ಕೊಡತೈತಿ. ಅದು ಮತ್ತೊಂದಕ್ಕ ಕೊಡತೈತಿ” ಎಂದು ಹೇಳಿದ್ದೆ.

ಮರುದಿನ ಪ್ರಾರ್ಥನೆ ಮುಗಿಯುವುದರೊಳಗೆ ಒಬ್ಬ ಹುಡುಗಿಯ ಅಜ್ಜಿ ಬಂದು ಬಾಗಿಲಲ್ಲಿ ನಿಂತಿದ್ದಳು.

“ಅಕ್ಕೋರ, ಜೇನತುಪ್ಪ ಎಂಜಲಂತ, ಖರೇ ಏನ್ರಿ?”

“ಎಂಜಲಂತ ನಾ ಅಂದಿಲ್ಲ ಯಮ್ಮಾ. ಬಾಯಿಂದ ಬಾಯಿಗೆ ಹೋಗತೈತಿ ಅಂದೆ.”

“ಅದಕ್ಕ ನಮ್ಮ ಮನ್ಯಾಗ ಎಂಜಲಂತಾರ.”

ಆಮೇಲೆ ಆ ರಸವನ್ನು ಮೇಣದ ಕೋಣೆಗಳಲ್ಲಿ ಹಾಕುತ್ತವೆ, ರೆಕ್ಕೆ ಬಡಿದು ಗಾಳಿ ಹಾಕಿ ನೀರಿನಂಶ ಆರಿಸುತ್ತವೆ, ಗಟ್ಟಿಯಾದ ಮೇಲೆ ಮೇಣದ ಮುಚ್ಚಳ ಹಾಕುತ್ತವೆ ಎಂದು ಎಷ್ಟು ಹೇಳಿದರೂ ಅಜ್ಜಿಯ ಮುಖ ಬಾಡಿಯೇ ಇತ್ತು.

“ಮದುವ್ಯಾಗಿ ಬಂದಾಗಿಂದ ಸೋಮವಾರ ತಪ್ಪಸದ ಈಶ್ವರಗ ಇದನ್ನ ಎರದೀನ್ರಿ” ಎಂದು ಮೆತ್ತಗೆ ಹೇಳಿ ಹೊರಟುಹೋದಳು. ನನಗೆ ಆ ದಿನವೆಲ್ಲ ಕೆಟ್ಟದೆನಿಸಿತು. ವಿಜ್ಞಾನ ಹೇಳಹೋಗಿ ಒಬ್ಬ ಮುದುಕಿಯ ಮನಸ್ಸು ಮುರಿದೆನಲ್ಲ ಎಂದು.

ಮುಂದಿನ ಸೋಮವಾರ ಗುಡಿಯ ಮುಂದೆ ಸಿಕ್ಕಳು. ಕೈಯಲ್ಲಿ ಬೆಲ್ಲದ ನೀರಿನ ಬಟ್ಟಲು.

“ಮನ್ಯಾಗಿದ್ದ ಜೇನತುಪ್ಪ ಏನ ಮಾಡಿದ್ರಿ ಯಮ್ಮಾ? ಚೆಲ್ಲಿದ್ರೇನು?”

“ಚೆಲ್ಲಾಕ ನಂಗೇನ ಹುಚ್ಚ ಹಿಡದೈತೇನ್ರಿ? ದೇವರಿಗೆ ಎಂಜಲ ನಡಿಯೂದಿಲ್ಲ. ನಾ ದಿನಾ ರೊಟ್ಟಿಗೆ ಹಚ್ಚಿಕೊಂಡ ತಿನ್ನಾಕತ್ತೀನಿ. ನನಗ ನಡೀತೈತಿ.”

ಗಂಡುಹುಳ

ಗೂಡಿನಲ್ಲಿ ರಾಣಿ ಒಂದೇ, ಅದರ ಕೆಲಸ ತತ್ತಿ ಇಡುವುದು. ಕಸ ಗುಡಿಸುವುದು, ಮರಿ ಸಾಕುವುದು, ಮೇಣದ ಮನೆ ಕಟ್ಟುವುದು, ರಸ ತರುವುದು ಎಲ್ಲಾ ಕೆಲಸಗಾರ ಹುಳಗಳದ್ದು. ಅವೆಲ್ಲ ಹೆಣ್ಣು. ಗಂಡುಹುಳಗಳು ಈ ಹೆಣ್ಣುಹುಳ ತಂದದ್ದನ್ನು ತಿಂದು ಆರಾಮಾಗಿ ಇರುತ್ತವೆ.

ಇಷ್ಟು ಹೇಳುವುದರೊಳಗೆ ಮೂರನೇ ತರಗತಿಯ ಹುಡುಗನೊಬ್ಬ ಎದ್ದು ನಿಂತ. “ಅಕ್ಕೋರ, ಅಗದಿ ನಮ್ಮ ಕಾಕಾನಂಗ್ರಿ!”

ನಾನು ನಗು ತಡೆದುಕೊಂಡು ಕೂರಿಸಿದೆ. ಆದರೆ ಮಾತು ನನಗಿಂತ ಮೊದಲು ಮನೆ ಮುಟ್ಟಿತು. ಸಂಜೆ ಬಸ್ಸಿಗೆ ನಿಂತಾಗ ಕಟ್ಟೆಯ ಮೇಲಿದ್ದ ಕಾಕಾನೇ ಎದ್ದು ಬಂದ. ಜಗಳಕ್ಕೇ ಬಂದ ಎಂದು ನಾನು ಚೀಲ ಎದೆಗವಚಿ ಹಿಡಿದೆ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಕಳೆ ಇತ್ತು.

“ಅಕ್ಕೋರ, ನನ್ನ ವಿಷಯ ಪುಸ್ತಕದಾಗ ಬಂದೈತಂತಲ್ರಿ! ಯಾವ ಪುಟದಾಗ?”

ಎರಡು ದಿನ ಬಿಟ್ಟು ಹುಡುಗನ ತಾಯಿ, ಅಂದರೆ ಕಾಕಾನ ಅತ್ತಿಗೆ, ಹೊಲಕ್ಕೆ ಬುತ್ತಿ ಒಯ್ಯುವಾಗ ಶಾಲೆಯ ಕಿಟಕಿಯಲ್ಲಿ ಇಣುಕಿದಳು. ತಲೆಯ ಮೇಲೆ ಬುಟ್ಟಿ ಹಾಗೇ ಇತ್ತು.

“ಅಕ್ಕೋರ, ಆ ಗಂಡುಹುಳ ಹಂಗ ಕುಂತ ತಿಂದು, ಮುಂದೇನಾಗತಾವ್ರಿ?”

“ಹೂವು ಕಡಿಮಿ ಆದಾಗ ಕೆಲಸಗಾರ ಹುಳ ಎಲ್ಲಾ ಕೂಡಿ ಅವನ್ನ ಗೂಡಿನಿಂದ ಹೊರಗ ದಬ್ಬತಾವ್ರಿ.”

ಅವಳು ಬುಟ್ಟಿ ಇಳಿಸಿದಳು. “ಹೌದ? ಯಾವ ತಿಂಗಳದಾಗ್ರಿ?”

ಎರಡು ರೀತಿ

ಒಂದು ಹುಳ ಜೀವನಪೂರ್ತಿ ದುಡಿದರೂ ಅದರ ಪಾಲಿನ ಜೇನುತುಪ್ಪ ಒಂದು ಚಮಚೆಯೂ ತುಂಬುವುದಿಲ್ಲ ಎಂದು ಹೇಳಿದ ದಿನ ಮಕ್ಕಳೆಲ್ಲ “ಪಾಪ” ಎಂದರು. ಕಿರಾಣಿ ಅಂಗಡಿಯವನ ಮಗಳೊಬ್ಬಳು ಮಾತ್ರ ಒಪ್ಪಲಿಲ್ಲ.

“ಅಷ್ಟ ಹೊತ್ತ ಹತ್ತೂದಿಲ್ರಿ ಅಕ್ಕೋರ. ನಮ್ಮಪ್ಪ ಒಂದ ತಾಸಿನ್ಯಾಗ ಕೊಡಾ ತುಂಬ ಮಾಡ್ತಾನ.”

“ಹುಳ ಎಲ್ಲಿಂದ ತರ್ತಾನ?”

“ಹುಳ ಬೇಕಾಗೂದಿಲ್ರಿ. ಸಕ್ಕರಿ ಸಾಕು.”

ಅವಳಲ್ಲಿ ಕಪಟವಿರಲಿಲ್ಲ. ತನ್ನ ಅಪ್ಪ ಹುಳಕ್ಕಿಂತ ಜಾಣ ಎಂಬ ಹೆಮ್ಮೆ ಅಷ್ಟೇ. ಮರುದಿನ ಅಂಗಡಿಯವನು ಒಂದು ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟ. ಅತ್ತಿತ್ತ ನೋಡಿ, ದನಿ ಇಳಿಸಿ ಹೇಳಿದ:

“ನೀವು ತಪ್ಪ ತಿಳಕೋಬ್ಯಾಡ್ರಿ ಅಕ್ಕೋರ. ಇದು ಹುಳದ್ದ ಐತ್ರಿ.”

ಬಾಗಿಲ ಕಾವಲು

ಕಳೆದ ಸಲ ಶಾಲೆಯ ನೀರಿನ ಟಾಕಿಗೇ ಹೆಜ್ಜೇನು ಕಟ್ಟಿತು. ನಾವಾಗಿ ಕೆಣಕದಿದ್ದರೆ ಅವು ಸುಮ್ಮನಿರುತ್ತವೆ ಎಂದು ಮಕ್ಕಳಿಗೆ ಹೇಳಿದೆ. ಎದ್ದರೆ ಕೈ ಬೀಸಬಾರದು, ಒಳಗೆ ಓಡಿ ಬಾಗಿಲು ಹಾಕಿಕೊಳ್ಳಬೇಕು ಎಂದು ದಿನಾ ರೂಢಿಯನ್ನೂ ಮಾಡಿಸಿದೆ. ಬೇಸರವಾಗದಿರಲೆಂದು ಅದನ್ನೇ ಆಟ ಮಾಡಿದೆ. ತರಗತಿಯೇ ಗೂಡು. ಜೇನುಗೂಡಿನ ಬಾಗಿಲಲ್ಲಿ ಕಾವಲು ಹುಳ ಇರುತ್ತವೆ, ಬಂದವರನ್ನು ಮೂಸಿ ನೋಡಿ, ತಮ್ಮ ಗೂಡಿನ ವಾಸನೆ ಇದ್ದರಷ್ಟೇ ಒಳಗೆ ಬಿಡುತ್ತವೆ. ಎರಡನೇ ತರಗತಿಯ ಒಬ್ಬ ಹುಡುಗಿ ಕಾವಲುಹುಳವಾದಳು. ಬಹಳ ಕಟ್ಟುನಿಟ್ಟಿನವಳು.

ಆ ವಾರವೇ ಮೇಲಿನ ಸಾಹೇಬರು ಶಾಲೆ ನೋಡಲು ಬಂದರು. ಅವರಿಗಾಗಿ ಹೆಡ್‌ಮಾಸ್ತರರು ಗೋಧಿ ಹುಗ್ಗಿ ಮಾಡಿಸುತ್ತಿದ್ದರು. ಗ್ಯಾಸ್ ತೀರಿತ್ತು, ಅಂಗಳದಲ್ಲೇ ಒಲೆ ಹೂಡಿದ್ದರು. ಹಸಿ ಕಟ್ಟಿಗೆಯ ಹೊಗೆ ನೆಟ್ಟಗೆ ಟಾಕಿಗೆ ಏರಿತು.

ಗುಂಯ್ ಎಂಬ ಸದ್ದು ಕೇಳಿದ್ದೇ ನಾನು ಚೀರಿಬಿಟ್ಟೆ. ಮಕ್ಕಳು ಮಾತ್ರ ತಲೆ ತಗ್ಗಿಸಿ, ಕೂಗಾಡದೆ, ಒಳಗೆ ಸೇರಿದರು. ಅಡುಗೆಯಾಕೆ ಉಗ್ರಾಣಕ್ಕೆ ನುಗ್ಗಿ ಬಾಗಿಲು ಹಾಕಿಕೊಂಡಳು. ನಾನು ಕಿಟಕಿ ಮುಚ್ಚಿ ತಲೆ ಎಣಿಸತೊಡಗಿದೆ. ಒಂದು ತಲೆ ಕಡಿಮೆ! ಎರಡನೇ ಸಲ ಎಣಿಸುವಾಗ ಬಾಗಿಲ ಕಡೆಯಿಂದ ದನಿ ಕೇಳಿತು. ಕಡಿಮೆಯಾದದ್ದು ಕಾವಲುಹುಳದ್ದೇ ತಲೆ. ಅವಳು ಚಿಲಕ ಹಿಡಿದು ನಿಂತಿದ್ದಳು. ಹೊರಗೆ ಧ್ವಜದ ಕಟ್ಟೆಯಿಂದ ಓಡಿಬಂದ ಇಬ್ಬರು ಬಾಗಿಲು ಬಡಿಯುತ್ತಿದ್ದರು.

“ತಗೀವಾ! ನಾನು ನಿಮ್ಮ ಹೆಡ್‌ಮಾಸ್ತರ!”

ಅವಳು ಸಂದಿಗೆ ಮೂಗಿಟ್ಟು ಮೂಸಿದಳು. “ತಂಬಾಕದ ವಾಸನಿ. ನಮ್ಮವರ” ಎಂದು ಗಟ್ಟಿಯಾಗಿ ಹೇಳಿ, ಒಬ್ಬರಿಗೆ ಸಾಕಾಗುವಷ್ಟೇ ಬಾಗಿಲು ತೆರೆದು ಮತ್ತೆ ಹಾಕಿದಳು. ತಂಬಾಕು ನಿಷೇಧಿಸಲಾಗಿದೆ ಎಂಬ ಶಾಲೆಯ ಫಲಕವನ್ನು ಬರೆಸಿದ್ದು ಇದೇ ಹೆಡ್‌ಮಾಸ್ತರರು.

“ಏ, ನಾ ಸಾಹೇಬ ಅದೀನಿ! ತಗಿ ಬಾಗಿಲಾ!”

ಮತ್ತೆ ಮೂಸಿದಳು. ಸಾಹೇಬರು ಘಮಘಮಿಸುವ ಅತ್ತರು ಹಾಕಿಕೊಂಡು ಬಂದಿದ್ದರು.

“ಗುಲಾಬಿ ವಾಸನಿ. ಬ್ಯಾರೆ ಗೂಡಿನವರು” ಎಂದಳು. ಚಿಲಕ ಬಿತ್ತು.

ನಾನು ಬೆಂಚು ಹಾರಿ ಬಂದು ಬಾಗಿಲು ತೆಗೆಯುವುದರೊಳಗೆ ಸಾಹೇಬರ ಬಲಗೈಗೆ ಎರಡು ಹುಳ ಕಡಿದಿದ್ದವು. ಉಗುರಿನಿಂದ ಮುಳ್ಳು ಕೆರೆದು ತೆಗೆದು, ತಣ್ಣೀರು ಹಾಕಿದೆ. ಕೈ ಬಾತು ಬಂದಿತ್ತು. ನನ್ನ ನೌಕರಿಯ ಗತಿ ಏನೆಂದು ನನಗೆ ಚಿಂತೆ ಹತ್ತಿತ್ತು. ಕಾವಲುಹುಳ ಹತ್ತಿರ ಬಂದು ಆ ಕೈಯನ್ನು ಕನಿಕರದಿಂದ ನೋಡಿತು.

“ಕಡದ ಮ್ಯಾಲೆ ಅದು ಸಾಯತೈತ್ರಿ ಸರ.”

“ಯಾವುದವಾ?” ಸಾಹೇಬರು ಬೆಚ್ಚಿದರು.

“ಹುಳಾರಿ. ಪಾಪ, ನಿಮ್ಮ ಸಲುವಾಗಿ ಎರಡು ಸತ್ತವು.”

ಹುಳ ಶಾಂತವಾದ ಮೇಲೆ ಸಾಹೇಬರು ಹುಗ್ಗಿ ಉಣ್ಣಲಿಲ್ಲ. ಅಭಿಪ್ರಾಯದ ವಹಿ ತರಿಸಿ, ಹೆಡ್‌ಮಾಸ್ತರರ ಕೈಯಿಂದ ಒಂದೇ ಸಾಲು ಬರೆಸಿದರು: “ಮಕ್ಕಳು ಕಲಿತದ್ದನ್ನು ಚಾಚೂ ತಪ್ಪದೆ ಆಚರಣೆಗೆ ತಂದಿದ್ದಾರೆ.” ಕೆಳಗೆ ಸಹಿಯನ್ನು ಎಡಗೈಯಿಂದ ತಾವೇ ಹಾಕಿದರು.