ಕಂಬದ ಮೇಲಿನ ಪೆಟ್ಟಿಗೆಯವರಿಗೆ ಮೂಲೆಮನೆಯ ಸೊಸೆಯ ಮೊರೆ

ಮಾನ್ಯರೇ,

ಮೊಬೈಲ್ ಕಂಬದ ಸೊಂಟಕ್ಕೆ ಆತುಕೊಂಡು, ಬೀದಿಯ ಫೋನುಗಳೆಲ್ಲ ಅವುಗಳ ಕೈಲಾಗದ ಲೆಕ್ಕಗಳನ್ನು ತಮ್ಮ ಕಂಪ್ಯೂಟರ್ ಪೆಟ್ಟಿಗೆಗೆ ದಾಟಿಸಿದಾಗ ಯಾರದ್ದು ಮೊದಲು, ಯಾರದ್ದು ಆಮೇಲೆ ಎಂದು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನಿಸುವ ತಮ್ಮ ಘನ ಸನ್ನಿಧಿಗೆ ಮೂಲೆಮನೆಯ ಕಿರಿಸೊಸೆಯ ತಲೆಬಾಗಿದ ವಂದನೆಗಳು.

ಬಸ್ಸಿನ ಕಂಡಕ್ಟರಾಗಿ ಜೀವಮಾನವೆಲ್ಲ ಮಾತಾಡಿದ ನನ್ನ ಮಾವನವರಿಗೆ ಈಗ ಕಿವಿ ಕೇಳಿಸದು. ನಾವಾಡಿದ್ದನ್ನು ಅವರ ಫೋನು ಅಕ್ಷರವಾಗಿಸಿ ತೋರಿಸುತ್ತದೆ, ತಾವು ಮನಸ್ಸು ಮಾಡಿದರೆ. ಆದರೆ ಎದುರಿನ ಕ್ಷೌರದಂಗಡಿಯಲ್ಲಿ, ಕೂತ ಗಿರಾಕಿಯ ತಲೆಗೆ ಬಗೆಬಗೆಯ ಕೂದಲು ಕೂರಿಸಿ ತೋರಿಸುವ ಮಹಾಕನ್ನಡಿಯೊಂದಿದೆ. ಅದು ತಮ್ಮ ಬಲವನ್ನೆಲ್ಲ ಹೀರಿದ ಮೇಲೆ ಉಳಿದ ಚೂರುಪಾರು ನಮಗೆ. ಹೀಗಾಗಿ ಮಾವನವರ ಉತ್ತರ ಸದಾ ಒಂದು ಮಾತು ಹಿಂದೆ. ಒಮ್ಮೆ ಅತ್ತೆಯ "ಚಹಾ ಕುಡೀತೀರಾ" ಪರದೆಗೆ ಬರುವಷ್ಟರಲ್ಲಿ ಅವರ ಸೋದರಳಿಯ ಬಂದು, ಹೆಂಡತಿ ಮುನಿಸಿಕೊಂಡು ತವರಿಗೆ ಹೋದಳೆಂದು ಕಣ್ಣೊರೆಸಿಕೊಳ್ಳುತ್ತಿದ್ದ. ಮಾವ ಅವನತ್ತ ತಿರುಗಿ, "ಒಳ್ಳೇದೇ ಆಯ್ತು, ಸಕ್ಕರೆ ಮಾತ್ರ ಕಮ್ಮಿ ಇರಲಿ" ಎಂದರು. ಅಳಿಯ ಮತ್ತೆ ಈ ಕಡೆ ತಲೆಹಾಕಿಲ್ಲ.

ತಮ್ಮ ನ್ಯಾಯವನ್ನು ದೂರಲು ನಾನ್ಯಾರು? ಅಳುವ ಮಗುವಿಗೇ ಮೊದಲು ಹಾಲು ಎಂಬ ತತ್ತ್ವ ನಮ್ಮ ಅತ್ತೆಯ ಅಡುಗೆಮನೆಯಲ್ಲೂ ಉಂಟು. ನಾವೇ ಹೊಂದಿಕೊಂಡು, ಮನೆಯ ಮುಖ್ಯ ಮಾತುಗಳನ್ನೆಲ್ಲ, ಜಗಳವೂ ಸೇರಿ, ಕ್ಷೌರದಂಗಡಿಯ ರಜಾದಿನಕ್ಕೆ ಎತ್ತಿಟ್ಟುಕೊಂಡಿದ್ದೇವೆ. ಅಲ್ಲಿಯವರೆಗೆ ಕೋಪ ಆರದಂತೆ ಕಾಪಾಡುವುದು ಮಾತ್ರ ಬಲು ಕಷ್ಟ.

ನನ್ನ ಮಗುವಿಗೆ ಈ ಕಟ್ಟಳೆ ತಿಳಿಯದು. ಮೊನ್ನೆ, ಅಂಗಡಿ ತುಂಬಿದ್ದ ಹೊತ್ತಿನಲ್ಲೇ, ನನ್ನ ಮಗಳು ಮಾವನವರ ಮೂಗು ಹಿಡಿದು ಮೊಟ್ಟಮೊದಲ ಸಲ "ತಾತಾ" ಎಂದಳು. ಅವರು ಫೋನು ನೋಡಿದರು, ಖಾಲಿ. ಅಕ್ಷರ ಮೂಡುವಾಗ ಮಗು ನಿದ್ದೆಹೋಗಿತ್ತು. ತೊಟ್ಟಿಲ ಬಳಿ ಕೂತು "ಇನ್ನೊಂದ್ಸಲ ಅನ್ನು ಪುಟ್ಟಾ" ಎನ್ನುತ್ತಲೇ ಇದ್ದರು. ಅಂದಿನಿಂದ ಫೋನು ಕಪಾಟಿನಲ್ಲಿದೆ. ಯಾರೇನೇ ಅಂದರೂ ಅವರು ನಕ್ಕು ತಲೆಯಾಡಿಸುತ್ತಾರೆ, ಅಷ್ಟೇ.

ಆದ್ದರಿಂದ, ಆ ಕನ್ನಡಿಯ ಒಂದೇ ಒಂದು ಗುಂಗುರು ಕೂದಲಿಗೆ ತಗಲುವಷ್ಟು ಬಲವನ್ನು ಮಾವನವರ ಹೆಸರಿಗೆ ಕಾದಿರಿಸಬೇಕೆಂದು ಕೋರುತ್ತೇನೆ. ಆಗದಿದ್ದರೆ, ಈ ಬೀದಿಯ ಗಂಡಸರಿಗೆ ಕೂದಲೇ ಬೆಳೆಯದಂತೆ ಆಜ್ಞೆ ಹೊರಡಿಸಿರಿ, ತಮ್ಮಿಂದ ಆಗದ್ದೇನಿದೆ?

ಸರದಿಯ ಕೊನೆಯಲ್ಲಿ ನಿಂತಿರುವ,
ತಮ್ಮ ವಿಶ್ವಾಸಿ,
ಮೂಲೆಮನೆಯ ಕಿರಿಸೊಸೆ

ಹೇಳಲು ಮರೆತದ್ದು: ನಿನ್ನೆ ಮಾವ ಮಗುವನ್ನೆತ್ತಿಕೊಂಡು ಹೋಗಿ ಆ ಕನ್ನಡಿಯ ಮುಂದೆ ಕೂತರು. ಅವರ ಬೋಳುತಲೆಗೆ ಕ್ಷಣವೂ ತಡವಾಗದೆ ಗುಂಗುರು ಕೂದಲು ಬಂತು. ತಮ್ಮ ಸೇವೆ ಅಮೋಘ. ಮಗು ಕನ್ನಡಿ ನೋಡಿತು, ತಾತನ ತಲೆ ಸವರಿ ನೋಡಿತು, ಗುರುತು ಹತ್ತದೆ ಬೋರೆಂದು ಅತ್ತಿತು. ಕಿವಿಗೆ ಕೇಳಿಸದಿದ್ದರೂ, ಎದೆಗಾತ ಪುಟ್ಟ ಮೈಯ ಬಿಕ್ಕಿನಿಂದಲೇ ಆ ಅಳು ಮಾವನವರಿಗೆ ತಕ್ಷಣ ತಲುಪಿತು. ಅದು ತಮ್ಮ ಮೂಲಕ ಬಂದಿರಲಿಲ್ಲ.