ಹೂಂಗುಟ್ಟುವ ಮಣ್ಣಿನ ಮನೆ

ಸಿಮೆಂಟಿನ ಮನೆ ಕಟ್ಟಿಸುವವರಿಗೆ ನೀರು, ಮರಳು, ಮೇಸ್ತ್ರಿ ಇಂಥ ಚಿಂತೆಗಳಿರುತ್ತವೆ. ನಾವು ಕಲ್ಲು ಮಣ್ಣಿನ ಮನೆಗೆ ಕೈ ಹಾಕಿದೆವು. ಅವೆಲ್ಲದರ ಜೊತೆ ದೆವ್ವದ ಚಿಂತೆಯೂ ಸೇರಿಕೊಂಡಿತು. ಕಟ್ಟಿ ಮುಗಿಯುವವರೆಗೂ ಏನಾದರೊಂದು ನಡೆಯುತ್ತಲೇ ಇತ್ತು.

ನಾನು ಜಯನಗರದಲ್ಲಿ ಹಲ್ಲಿನ ಡಾಕ್ಟರು. ಕುಮಾರಸ್ವಾಮಿ ಲೇಔಟಿನ ಗುಡ್ಡದ ಇಳಿಜಾರಿನಲ್ಲಿ ನಮ್ಮದೊಂದು ಸೈಟಿತ್ತು. ಅಲ್ಲೇ ಒಡೆದ ಬಂಡೆಯಲ್ಲಿ ಪಾಯ, ಅಲ್ಲೇ ಅಗೆದ ಮಣ್ಣಿನಲ್ಲಿ ಗೋಡೆ ಎಂದು ನಮ್ಮ ಯಜಮಾನರು ಹಟ ಹಿಡಿದರು. ಸುತ್ತ ಎತ್ತರದ ಮನೆಗಳು, ನಡುವೆ ನಮ್ಮದು ಹುತ್ತದ ಹಾಗೆ ಮೇಲೇಳುತ್ತಿತ್ತು. ಅತ್ತೆ ಮಾತ್ರ ಬನಶಂಕರಿಯ ಬಾಡಿಗೆ ಮನೆ ಬಿಟ್ಟು ಬರುವುದಿಲ್ಲ ಎಂದುಬಿಟ್ಟಿದ್ದರು. "ಮಣ್ಣೊಳಗೆ ಹೋಗೋದು ಹೇಗೂ ಇದ್ದೇ ಇದೆ. ಅದಕ್ಕೆ ಅವಸರ ಯಾಕೆ?"

ಆರು ಬೆರಳು

ಚಳಿಗಾಲದ ಒಂದು ಬೆಳಿಗ್ಗೆ ಮೇಸ್ತ್ರಿ ಫೋನ್ ಮಾಡಿ ಬೇಗ ಬನ್ನಿ ಎಂದರು. ಹೋದರೆ ಆಳುಗಳೆಲ್ಲ ಮಂಜಿನಲ್ಲಿ, ರಸ್ತೆಯಲ್ಲೇ ನಿಂತಿದ್ದಾರೆ. ಯಾರೂ ಒಳಗೆ ಕಾಲಿಡುತ್ತಿಲ್ಲ. ಹಿಂದಿನ ಸಂಜೆ ನುಣ್ಣಗೆ ಸವರಿದ್ದ ಹಸಿ ಗೋಡೆಯ ಮೇಲೆ ಒಂದು ಅಂಗೈ ಗುರುತು. ಬೆರಳು ಆರು. ಮೇಸ್ತ್ರಿ ಎಲ್ಲರ ಕೈಯನ್ನೂ ನೋಡಿಯಾಗಿತ್ತು, ಎಲ್ಲರದೂ ಐದೇ. ಯಾತಕ್ಕೂ ಇರಲಿ ಎಂದು ನನ್ನ ಕೈಯನ್ನೂ ಎಣಿಸಿಕೊಂಡೆ.

ಅಷ್ಟರಲ್ಲಿ ಎದುರುಮನೆ ಅಂಕಲ್ ವಾಕಿಂಗ್ ಮುಗಿಸಿ ಬಂದರು. ಗುಂಪು ಯಾಕೆಂದು ವಿಚಾರಿಸಿದರು, ಗುರುತು ನೋಡಿದರು, ಸ್ವೆಟರಿನ ಜೇಬಿನಿಂದ ಬಲಗೈ ತೆಗೆದು ಅದರ ಮೇಲಿಟ್ಟರು. ಸರಿಯಾಗಿ ಕೂತಿತು.

"ನಂದೇ ಮೇಡಂ. ಹೋಗ್ತಾ ಒತ್ತಿ ನೋಡ್ದೆ. ಗಟ್ಟಿಯಿಲ್ಲ, ಸಿಮೆಂಟು ಹಾಕ್ಸಿ."

ಕೂದಲು

ಮಳೆಯಿಂದ ಕೆಲಸ ನಿಂತಿದ್ದಾಗ ಅತ್ತೆಯನ್ನು ಪುಸಲಾಯಿಸಿ ಮನೆ ತೋರಿಸಲು ಕರೆದುಕೊಂಡು ಹೋದೆವು. ಮಣ್ಣಿನ ಗೋಡೆಗೆ ಜೀವವಿರುತ್ತದೆ, ಅದು ಉಸಿರಾಡುತ್ತದೆ ಎಂದು ಯಜಮಾನರು ದಾರಿಯುದ್ದಕ್ಕೂ ವರ್ಣಿಸಿದರು.

ಅತ್ತೆಗೆಂದೇ ಕಟ್ಟಿಸಿದ ಕೋಣೆಗೆ ಹೋದೆವು. ಗೋಡೆಯ ತುಂಬ ತೆಳ್ಳನೆಯ, ಬಿಳಿಚಿಕೊಂಡ ಎಳೆಗಳು ಹುಟ್ಟಿದ್ದವು. ಎಲ್ಲವೂ ನಾವು ನಿಂತ ಬಾಗಿಲ ಕಡೆಗೇ ಬಾಗಿದ್ದವು. ಗಾಳಿ ಬಂದಾಗ ಒಟ್ಟಿಗೆ ಅಲ್ಲಾಡುತ್ತಿದ್ದವು. ಬಿರುಕು ಬಿಡದಿರಲೆಂದು ಮಣ್ಣಿಗೆ ರಾಗಿಹುಲ್ಲು ಬೆರೆಸಿದ್ದು, ಅದರಲ್ಲಿ ಉಳಿದಿದ್ದ ಕಾಳು ಮೊಳೆತು ಬೆಳಕಿನ ಕಡೆ ತಿರುಗಿದ್ದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಅತ್ತೆ ಮಗನನ್ನು ಕೇಳಿದರು: "ಉಸಿರಾಡುತ್ತೆ ಅಂದೆ. ಕೂದಲು ಬರುತ್ತೆ ಅಂತ ಹೇಳ್ಲೇ ಇಲ್ವಲ್ಲೋ."

ಹೂಂ

ತಾರಸಿಯ ಭಾರ ಕಡಿಮೆಯಾಗಲೆಂದು ಅದರೊಳಗೆ ಮಣ್ಣಿನ ಕುಡಿಕೆಗಳನ್ನು ಬೋರಲು ಕೂರಿಸಿದ್ದರು. ಒಳಗಿನಿಂದ ತಲೆಯೆತ್ತಿದರೆ ಸಾಲುಸಾಲು ಕಪ್ಪು ಬಾಯಿಗಳು. ಗುಡ್ಡದ ಗಾಳಿ ಕಿಟಕಿಯಿಂದ ನುಗ್ಗಿದರೆ ಅವು ದನಿ ತೆಗೆಯುತ್ತವೆಂದು ಯಾರಿಗೂ ಗೊತ್ತಿರಲಿಲ್ಲ.

ಒಂದು ಸಂಜೆ ನಾನು ಕ್ಲಿನಿಕ್ಕಿನಿಂದ ಸೈಟಿಗೆ ಬಂದಾಗ, ಸುದ್ದಗುಂಟೆಪಾಳ್ಯದ ಎಲೆಕ್ಟ್ರಿಶಿಯನ್ ಚಪ್ಪಲಿ, ಏಣಿ ಎಲ್ಲ ಒಳಗೇ ಬಿಟ್ಟು ಗೇಟಿನ ಹತ್ತಿರ ಬೆವರುತ್ತ ಕೂತಿದ್ದರು. ಕಿವಿಗೆ ಫೋನ್ ಸಿಕ್ಕಿಸಿಕೊಂಡು ಹೆಂಡತಿಯ ಜೊತೆ ಮಾತಾಡುತ್ತ ವೈರ್ ಎಳೆಯುತ್ತಿದ್ದರಂತೆ. ಇವರು ಏನು ಹೇಳಿದರೂ 'ಹೂಂ' ಎಂದು ಕೇಳುತ್ತಿತ್ತಂತೆ. ಹೆಂಡತಿಯೇ ಅಂದಿರಬೇಕು ಎಂದೆ ನಾನು.

ಅವರು ತಲೆಯಾಡಿಸಿದರು. "ಮದ್ವೆ ಆದಾಗಿಂದ ನನ್ ಮಾತಿಗೆ ಅವಳು ಹೂಂ ಅಂದಿಲ್ಲ ಮೇಡಂ. ಅದಕ್ಕೇ ಭಯ ಆಗಿದ್ದು."

ಗೃಹಪ್ರವೇಶ

ಈ ಸುದ್ದಿಗಳೆಲ್ಲ ನೆಂಟರಿಗೆ ತಲುಪಿದ್ದವು. ಗೃಹಪ್ರವೇಶದ ದಿನ ಅತ್ತೆ ಗೇಟಿನ ಹೊರಗೇ ನಿಂತು ತೀರ್ಪು ಕೊಟ್ಟರು. "ಹಸು ಹೆದರದೆ ಒಳಗೆ ಹೋಗಿ ಬಂದ್ರೆ ನಾನೂ ಬರ್ತೀನಿ. ಇಲ್ಲದಿದ್ರೆ ಮಾರಿಬಿಡಿ." ಯಜಮಾನರಿಗೆ ಕಾಫಿ ಕೂಡ ಇಳಿಯಲಿಲ್ಲ.

ಸಿದ್ದಾಪುರದಿಂದ ತರಿಸಿದ್ದ ಹಸು ಹೊಸ್ತಿಲು ದಾಟಿತು. ಹಾಲ್ ದಾಟಿತು. ದೇವರಮನೆ ಗೋಡೆಯ ಮುಂದೆ ಗಕ್ಕನೆ ನಿಂತಿತು. ಕಿವಿ ನಿಗುರಿದವು, ಹೊಳ್ಳೆ ಅರಳಿದವು. ಬರೀ ಗೋಡೆಯನ್ನೇ ದಿಟ್ಟಿಸುತ್ತಿತ್ತು. ಮೂಕಪ್ರಾಣಿಗೆ ನಮಗೆ ಕಾಣದ್ದು ಕಾಣುತ್ತೆ ಎಂದು ಯಾರೋ ಪಿಸುಗುಟ್ಟಿದರು. ಪುರೋಹಿತರ ಮಂತ್ರ ನಿಂತಿತು.

ಆಮೇಲೆ ಅದು ಕತ್ತು ಚಾಚಿ ಗೋಡೆಯನ್ನು ನೆಕ್ಕಿತು. ಮತ್ತೆ ನೆಕ್ಕಿತು. ಹಗ್ಗ ಹಿಡಿದವನು ಎಷ್ಟು ಎಳೆದರೂ ಅಲುಗಲಿಲ್ಲ.

ಕೊನೆಗೆ ಯಜಮಾನರು ಸಣ್ಣ ದನಿಯಲ್ಲಿ ಬಾಯಿಬಿಟ್ಟರು. ಗೋಡೆಗೆ ಗಟ್ಟಿತನ ಬರುತ್ತದೆಂದು ಯಾವುದೋ ವಿಡಿಯೋ ನೋಡಿ, ಆ ಗೋಡೆಗೆ ಕೊನೆಯಲ್ಲಿ ಸವರುವ ಗಿಲಾವಿನ ಮಣ್ಣಿಗೆ ತಾವೇ ಬೆಲ್ಲದ ನೀರು ಕಾಯಿಸಿ ಸುರಿದಿದ್ದರಂತೆ.

ಅತ್ತೆ ಹಸುವನ್ನು ನೋಡಿದರು, ಮಗನನ್ನು ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಲೇ ಬಲಗಾಲಿಟ್ಟು ಒಳಗೆ ಬಂದು, ತಮ್ಮ ಹಾಸಿಗೆ ತರಿಸಲು ಹೇಳಿದರು. ನನಗೆ ಹೋದ ಜೀವ ಬಂತು.

ನಿಂತ ಮಂತ್ರ ಇನ್ನೂ ಶುರುವಾಗಿಲ್ಲವಲ್ಲ ಎಂದು ತಿರುಗಿದೆವು. ಪುರೋಹಿತರು ಗೋಡೆಗೆ ಒತ್ತಿದ ಬೆರಳನ್ನು ನಾಲಿಗೆಗಿಟ್ಟುಕೊಂಡು, ಕಣ್ಣು ಮುಚ್ಚಿ ನಿಂತಿದ್ದರು.

"ಒಂದೆರಡು ಏಲಕ್ಕಿ ಹಾಕ್ಬೇಕಿತ್ತು," ಎಂದರು.